ಬುಡೇನ್ ಮಿಸ್ತ್ರಿಯ ಮೂರು ಬಲ್ಬು

ಎಡಗೈಯನ್ನು ಬೆನ್ನ ಹಿಂದೆ ಮಡಚಿಟ್ಟುಕೊಂಡು, ಬಲಗೈಯೊಂದರಿಂದಲೇ ಮೇನ್ ಸ್ವಿಚ್ಚು ಎತ್ತಿ, ಹಲಗೆಯ ಮೇಲಿನ ಮೂರು ಬಲ್ಬುಗಳನ್ನು ಒಂದೊಂದಾಗಿ ನೋಡುತ್ತ, ಬುಡೇನ್ ಮಿಸ್ತ್ರಿ ಗೋಡೆಯ ಆಚೆಗೆ ಕೇಳುವಷ್ಟು ಗಟ್ಟಿಯಾಗಿ ಕೂಗುತ್ತಿದ್ದರು: “ಜೈನಾಬಿ ಬಂದ್ಲು. ಫಾತಿಮಾ ಬಂದ್ಲು. ಹಸೀನಾ ಬಂದ್ಲು.” ಕೂಗಿ ಸುಮ್ಮನೆ ನಿಲ್ಲುತ್ತಿದ್ದರು. ಗೋಡೆಯ ಆ ಕಡೆಯಿಂದ ಒಂದು ಹೆಣ್ಣುದನಿ “ಹೂಂ” ಅನ್ನುತ್ತಿತ್ತು. ಆ ಹೂಂ ಕಿವಿಗೆ ಬಿದ್ದ ಮೇಲೆಯೇ ಅವರ ಕೈ ದೊಡ್ಡ ಮೋಟಾರಿನ ಹ್ಯಾಂಡಲಿಗೆ ಹೋಗುತ್ತಿದ್ದದ್ದು. ಶಿಕಾರಿಪುರದ ಐಸ್ ಫ್ಯಾಕ್ಟರಿಗೆ ನಾನು ಕೆಲಸಕ್ಕೆ ಸೇರಿದ ಮೊದಲನೆಯ ಬೆಳಿಗ್ಗೆ ಇದನ್ನೆಲ್ಲ ನೋಡಿ, ಎಲ್ಲಿಗೆ ಬಂದು ಸಿಕ್ಕಿಹಾಕಿಕೊಂಡೆನಪ್ಪಾ ಅಂದುಕೊಂಡೆ.

ನನಗೆ ಆಗ ಇಪ್ಪತ್ಮೂರು. ಸೊರಬದ ಹುಡುಗ, ಕೈಯಲ್ಲಿ ಹೊಸ ಡಿಪ್ಲೊಮಾ. ಮೂರು ಫೇಸಿನ ಕರೆಂಟಿನ ಬಗ್ಗೆ ಕರಿಹಲಗೆ ತುಂಬ ಸಮೀಕರಣ ಬರೆದು ತೋರಿಸಬಲ್ಲೆ ಅನ್ನುವ ಜಂಬ ಮೈತುಂಬ ಇತ್ತು. ಜೋಗದ ಕರೆಂಟು ನಮ್ಮ ಕಡೆಯ ಊರುಗಳಿಗೆ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಅದರ ಬೆನ್ನಿಗೇ ನಮ್ಮ ಸಾವ್ಕಾರರು ಬೊಂಬಾಯಿಯಿಂದ ಹಳೆಯದೊಂದು ತಂಪಿನ ಮೆಷಿನ್ನು ತರಿಸಿ ಕೆರೆಯ ಹತ್ತಿರ ಶೆಡ್ಡು ಹಾಕಿಸಿದ್ದರು. ದೊಡ್ಡ ಮೋಟಾರೊಂದು ಬೆಲ್ಟಿನ ಪಟ್ಟೆ ಹಾಕಿಕೊಂಡು ಆ ಮೆಷಿನ್ನನ್ನು ತಿರುಗಿಸುತ್ತಿತ್ತು. ಮೆಷಿನ್ನು ಬಿಸಿಯಾಗದಂತೆ ಬಾವಿಯ ನೀರು ಎತ್ತಿ ಸುರಿಯಲು ಚಿಕ್ಕದೊಂದು ಪಂಪು. ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಟ್ಟ ತಗಡಿನ ಡಬ್ಬಿಗಳಲ್ಲಿ ಒಂದು ಹಗಲು ಒಂದು ರಾತ್ರಿ ಕಳೆದರೆ ನೀರು ಗಟ್ಟಿಯಾಗುತ್ತಿತ್ತು. ಸೋಡಾ ಅಂಗಡಿಯವರು, ಮೀನಿನ ಲಾರಿಯವರು, ಮದುವೆ ಮನೆಯವರು ಒಯ್ಯುತ್ತಿದ್ದರು. ಸಂತೆಗೆ ಬಂದ ಕುರಿಗಾರರು ಬಾಗಿಲಲ್ಲಿ ನಿಂತು, ಐಸಿನ ಗಟ್ಟಿಯ ಮೇಲೆ ಬೆರಳಿಟ್ಟು, ಸುಡುತ್ತದೆ ಅಂತ ಕೈ ಕೊಡವುತ್ತಿದ್ದರು.

ಇಷ್ಟನ್ನೂ ನಡೆಸುತ್ತಿದ್ದವರು ಬುಡೇನ್ ಸಾಬರು. ಓದು ಬರಹ ಇರಲಿಲ್ಲ. ಕುಳ್ಳು ಮೈ, ಖಾಕಿ ಅಂಗಿ, ಮೊಣಕಾಲಿಗೆ ಎತ್ತಿ ಕಟ್ಟಿದ ಲುಂಗಿ, ಬೀಡಿಯ ವಾಸನೆಯೂ ಅಮೋನಿಯಾದ ಘಾಟೂ ಕಲೆತ ಮೈವಾಸನೆ. ಹರೆಯದಲ್ಲಿ ಬೊಂಬಾಯಿಯ ಯಾವುದೋ ಮಿಲ್ಲಿನಲ್ಲಿ ಮೋಟಾರು ಒರೆಸುವ ಕೆಲಸಕ್ಕೆ ಸೇರಿ, ಒರೆಸುತ್ತ ಒರೆಸುತ್ತಲೇ ಅದರ ಹೊಟ್ಟೆಯೊಳಗಿನದನ್ನೆಲ್ಲ ಕಲಿತುಬಿಟ್ಟವರು. ಆ ಕೆಲಸ ಬಿಟ್ಟು ಇಲ್ಲಿಗೆ ಏಕೆ ಬಂದರು ಅಂತ ನನಗೆ ಆಗ ಗೊತ್ತಿರಲಿಲ್ಲ. ತಂತಿಗಳಿಗೆ ಬಣ್ಣವಾಗಲಿ ಅಕ್ಷರವಾಗಲಿ ಅವರಿಗೆ ಬೇಡ. ದಾರದಲ್ಲಿ ಒಂದು ಗಂಟು, ಎರಡು ಗಂಟು, ಮೂರು ಗಂಟು ಹಾಕಿ ಕಟ್ಟಿಡುತ್ತಿದ್ದರು. ಒಂದು ಗಂಟಿನದು ಹಿರಿಮಗಳು ಜೈನಾಬಿ, ಎರಡರದು ಫಾತಿಮಾ, ಮೂರರದು ಕೊನೆಯವಳು ಹಸೀನಾ. ಮೂರು ತಂತಿಯಲ್ಲೂ ಕರೆಂಟು ಬಂದರೆ ಮೂರು ಬಲ್ಬೂ ಹತ್ತಬೇಕು. ಒಂದು ಹತ್ತದಿದ್ದರೂ ಮೋಟಾರು ತಿರುಗುವುದಿಲ್ಲ. ತಿರುಗಿಸಲು ಹಟ ಮಾಡಿದರೆ ಸುಟ್ಟುಹೋಗುತ್ತದೆ. ನನ್ನ ಪುಸ್ತಕದ ಇಪ್ಪತ್ತು ಪುಟದ ವಿಷಯವನ್ನು ಅವರು ಮೂರು ಮಾತಿನಲ್ಲಿ ಮುಗಿಸುತ್ತಿದ್ದರು. ಮೂರೂ ಹೆಣ್ಣುಮಕ್ಕಳು ಮನೆಗೆ ಬಂದರೆ ಹಬ್ಬ, ಇಬ್ಬರೇ ಬಂದರೆ ಜಗಳ, ಒಬ್ಬಳೇ ಬಂದರೆ ಕತ್ತಲೆ.

ಆ ಕೂಗಾಟ ಏಕೆ ಅಂತ ಕೇಳಲು ನನಗೆ ಒಂದು ವಾರ ಹಿಡಿಯಿತು. ಅವರ ಮನೆ ಫ್ಯಾಕ್ಟರಿಗೆ ಅಂಟಿಕೊಂಡೇ ಇತ್ತು, ನಡುವೆ ಒಂದೇ ಇಟ್ಟಿಗೆ ಗೋಡೆ. ಜೈನಾಬಿ, ಫಾತಿಮಾ ಮದುವೆಯಾಗಿ ಗಂಡನ ಮನೆ ಸೇರಿದ್ದರು. ಹಸೀನಾ ಮನೆಯಲ್ಲೇ ಇದ್ದಳು. ಐದು ವರ್ಷದವಳಿದ್ದಾಗ ಸಿಡುಬು ಬಂದು ಎರಡು ಕಣ್ಣೂ ಹೋಗಿದ್ದವು. ಫ್ಯಾಕ್ಟರಿಗೆ ಕರೆಂಟು ಬಂದ ದಿನ ಮಿಸ್ತ್ರಿ ಮನೆಯವರನ್ನೆಲ್ಲ ಕರೆದು ಬಲ್ಬು ಹತ್ತಿಸಿ ತೋರಿಸಿದರಂತೆ. ಅಕ್ಕಂದಿರು ಚಪ್ಪಾಳೆ ತಟ್ಟುತ್ತಿದ್ದರೆ ಹಸೀನಾ, ನಂದು ಹತ್ತಿತೇನಬ್ಬಾ, ಯಾರೂ ಹೇಳವಲ್ಲರು ಅಂತ ಅತ್ತಳಂತೆ. ಅವತ್ತಿನಿಂದ ಈ ಕೂಗು ಶುರುವಾಯಿತು. ಕಣ್ಣಿಲ್ಲದ ಮಗಳಿಗೆ ದಿನಾ ಬೆಳಿಗ್ಗೆ ಅವಳ ದೀಪ ಹತ್ತಿದ ಸುದ್ದಿ ಹೇಳಬೇಕು. ಅವಳು ಹೂಂ ಅನ್ನಬೇಕು. ಆಮೇಲೆ ಊರಿಗೆ ಐಸು. ಇದನ್ನು ಕೇಳಿದ ದಿನದಿಂದ ನಾನು ನಗುವುದನ್ನು ಬಿಟ್ಟೆ. ಆದರೆ ಅವಳ ಆ ಹೂಂ ಬರೀ ಪ್ರೀತಿಯ ಮಾತು, ಅದರಲ್ಲಿ ಕೆಲಸದ್ದೇನೂ ಇಲ್ಲ ಅಂತಲೇ ತಿಳಿದಿದ್ದೆ. ಆ ತಪ್ಪು ತಿಳಿವಳಿಕೆಗೆ ಆಮೇಲೆ ತಕ್ಕ ಶಾಸ್ತಿಯಾಯಿತು.

ಅವರ ಒಂದೊಂದು ಅಭ್ಯಾಸವೂ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೋರ್ಡು ಮುಟ್ಟುವಾಗ ಎಡಗೈ ಬೆನ್ನ ಹಿಂದೆಯೇ. ಎರಡು ಕೈಯೂ ಮುಂದಿದ್ದರೆ ಕರೆಂಟು ಒಂದರಿಂದ ಹೊಕ್ಕು ಎದೆ ದಾಟಿ ಇನ್ನೊಂದರಿಂದ ಹೊರಡುತ್ತದೆ ಅನ್ನುತ್ತಿದ್ದರು. ಮೋಟಾರಿನ ಬಿಸಿ ನೋಡಲು ಅಂಗೈ ಇಡುತ್ತಿರಲಿಲ್ಲ, ಮುಂಗೈಯ ಹಿಂಭಾಗ ತಾಗಿಸುತ್ತಿದ್ದರು. ಚಹಾ ಬಸಿಗೆ ಹುಯ್ದುಕೊಂಡು ಆರಿಸುವಾಗಲೂ ಕಿವಿ ಮೆಷಿನ್ನಿನ ಕಡೆಗೇ. ಯಾರಾದರೂ ಫ್ಯೂಸಿಗೆ ದಪ್ಪ ತಂತಿ ಹಾಕಿದ್ದು ಕಂಡರೆ ಮಾತ್ರ ಅವರ ಸಿಟ್ಟು ನೋಡಬೇಕಿತ್ತು. “ಫ್ಯೂಸು ಅಂದ್ರ ಮೊದಲು ನಾ ಸಾಯ್ತೀನಿ ಅಂತ ಮುಂದ ನಿಂತಾಂವ,” ಅನ್ನುತ್ತಿದ್ದರು. “ಅವನಿಗೆ ಬಲ ಕೊಟ್ರ ಹಿಂದಿದ್ದೋರು ಸಾಯ್ತಾರ.” ನನ್ನನ್ನು ಕರೆಯುತ್ತಿದ್ದದ್ದು ಡಿಪ್ಲೊಮಾ ರಾಯರೇ ಅಂತ. ಗೌರವವೂ ಇತ್ತು, ಚುಚ್ಚುವಿಕೆಯೂ ಇತ್ತು. ಯಾವುದು ಎಷ್ಟು ಅಂತ ನನಗೆ ಕೊನೆಯವರೆಗೂ ಬಗೆಹರಿಯಲಿಲ್ಲ.

ಸೊರಬದ ಅಕ್ಕಿ ಗಿರಣಿಯ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಇದ್ದ ಗಿರಣಿ. ಒಂದು ಗಾಳಿಮಳೆಗೆ ಕಂಬ ಮಲಗಿ, ಅದನ್ನು ಎತ್ತಿ ನಿಲ್ಲಿಸಿ ತಂತಿ ಕೂಡಿಸಿದ ಮಾರನೆಯ ದಿನ, ಗಿರಣಿ ಸುರಿದ ಭತ್ತವನ್ನೆಲ್ಲ ಬಾಯಿಂದಲೇ ವಾಪಸ್ಸು ಉಗುಳತೊಡಗಿತು. ಗಿರಣಿಯ ಧಣಿ ಗಾಬರಿ ಬಿದ್ದು ಯಾರದೋ ದೃಷ್ಟಿ ತಾಗಿತು ಅಂತ ಮಂತ್ರ ಹಾಕುವವರನ್ನು ಕರೆಸಿಬಿಟ್ಟಿದ್ದರು. ಮಿಸ್ತ್ರಿಗೂ ಹೇಳಿಕಳಿಸಿದ್ದರು, ನಾನೂ ಜೊತೆಗೆ ಹೋಗಿದ್ದೆ. ನಾವು ಹೋಗುವಷ್ಟರಲ್ಲಿ ಅಂಗಳ ತುಂಬ ಭತ್ತದ ಮೂಟೆ, ಕಾದು ಕೂತ ಹೆಂಗಸರು, ಮೋಟಾರಿನ ನೆತ್ತಿಗೆ ಕುಂಕುಮ, ಸುತ್ತ ಕೊಯ್ದ ನಿಂಬೆಹಣ್ಣು. ನಾನು ಬಾಯಿ ತೆರೆಯಲು ಹೋದರೆ ಮಿಸ್ತ್ರಿ ನನ್ನ ತೋಳು ಹಿಂಡಿದರು. ಪೂಜೆ ಮುಗಿಯುವ ತನಕ ಟೋಪಿ ಸರಿಮಾಡಿಕೊಂಡು ಭಯಭಕ್ತಿಯಿಂದ ನಿಂತರು. ಪ್ರಸಾದದ ಕಾಯಿಚೂರು ಬಾಯಿಗೆ ಹಾಕಿಕೊಂಡು, ಜೊತೆಗೆ ತಂದಿದ್ದ ಮೂರು ಬಲ್ಬಿನ ಸಣ್ಣ ಹಲಗೆಯನ್ನು ತಂತಿಗಳಿಗೆ ತಾಗಿಸಿ ನೋಡಿ, ಮೇನ್ ಇಳಿಸಿ, ಮೂರು ತಂತಿಯಲ್ಲಿ ಎರಡನ್ನು ಬಿಚ್ಚಿ ಅದರ ಜಾಗಕ್ಕೆ ಇದನ್ನು, ಇದರ ಜಾಗಕ್ಕೆ ಅದನ್ನು ಕಟ್ಟಿ, ಧಣಿಯ ಕೈಯಿಂದಲೇ ಸ್ವಿಚ್ಚು ಹಾಕಿಸಿದರು. ಗಿರಣಿ ಸರಾಗವಾಗಿ ಅಕ್ಕಿ ಬಿಟ್ಟಿತು. ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಅರ್ಧ ಜನ ನಿಂಬೆಹಣ್ಣಿಗೆ ಕೈಮುಗಿದರು, ಅರ್ಧ ಜನ ಮಿಸ್ತ್ರಿಗೆ.

ವಾಪಸ್ಸು ಬರುವ ಬಸ್ಸಿನಲ್ಲಿ ನಾನು ರೇಗಿದೆ. ಮೊದಲೇ ಹೇಳಿದ್ದರೆ ಅಷ್ಟು ಹೊತ್ತು ಉಳಿಯುತ್ತಿತ್ತಲ್ಲ, ನೀವೂ ಆ ನಾಟಕಕ್ಕೆ ಸೇರಿಕೊಂಡಿರಲ್ಲ ಅಂದೆ. ಅವರು ಕಿಟಕಿಯಿಂದ ಹೊರಗೆ ನೋಡುತ್ತ, ಧಣಿಯ ಹೆದರಿಕೆಯೂ ಇಳಿಯಬೇಕಿತ್ತಲ್ಲ ರಾಯರೇ, ಅದಕ್ಕೆ ನನ್ನ ಹತ್ತಿರ ಸ್ಪ್ಯಾನರ್ ಇಲ್ಲ ಅಂದರು. ಆಮೇಲೆ ಅವರೇ ಒಂದು ಪಾಠ ಹೇಳಿದರು. ಆ ಗಿರಣಿಯಲ್ಲಿ ಮೂರು ಬಲ್ಬೂ ಹತ್ತುತ್ತಿದ್ದವು, ನೋಡಿದಿರಾ ಅಂತ ಕೇಳಿದರು. ಯಾರು ಬಂದರು ಅಂತ ಬಲ್ಬು ಹೇಳುತ್ತದೆ. ಯಾರ ಹಿಂದೆ ಯಾರು ಬಂದರು ಅಂತ ಹೇಳುವುದಿಲ್ಲ. ಇಬ್ಬರು ಸಾಲು ಬದಲಿಸಿದರೆ ಮೋಟಾರು ಹಿಂದುಮುಂದಾಗಿ ತಿರುಗುತ್ತದೆ. ಹಾಗಾಗಿ ಬಲ್ಬನ್ನು ನಂಬು, ಪೂರ್ತಿ ನಂಬಬೇಡ. ನಾನು ತಲೆಯಾಡಿಸಿದೆ. ತಲೆಯಾಡಿಸುವುದೇನು ಕಷ್ಟ.

ಈಗ ಆ ಬೇಸಿಗೆಯ ದಿನಕ್ಕೆ ಬರುತ್ತೇನೆ. ಬೆಳಿಗ್ಗೆ ಮೊದಲ ಬಸ್ಸಿಗೆ ಸೊರಬದಿಂದ ಹೆಲ್ತ್ ಇನ್ಸ್‌ಪೆಕ್ಟರ್ ಗಣಪಯ್ಯ ಓಡಿಬಂದರು. ಕುಪ್ಪಗಡ್ಡೆ ಕಡೆಯ ಒಂದು ಕೇರಿಯಲ್ಲಿ ಸಿಡುಬು ಕಾಣಿಸಿಕೊಂಡಿತ್ತು. ಸುತ್ತಲಿನ ಮಕ್ಕಳಿಗೆಲ್ಲ ಅದು ಬಾರದ ಹಾಗೆ ದಾಕು ಹಾಕಬೇಕು, ಅಂದರೆ ಮದ್ದು ಚುಚ್ಚಬೇಕು. ಅದರ ಮದ್ದು ಮಾರನೆಯ ದಿನ ಮಧ್ಯಾಹ್ನದ ಬಸ್ಸಿಗೆ ಶಿವಮೊಗ್ಗದಿಂದ ಫ್ಲಾಸ್ಕಿನಲ್ಲಿ ಬರುತ್ತದೆ. ಶಿಕಾರಿಪುರ ಮುಟ್ಟುವಷ್ಟರಲ್ಲಿ ಫ್ಲಾಸ್ಕಿನ ಐಸು ಕರಗಿರುತ್ತದೆ. ಇಲ್ಲಿಂದ ಹೊಸ ಐಸಿನಲ್ಲಿಟ್ಟು ಒಯ್ದು ಐದಾರು ದಿನ ಹಳ್ಳಿ ಹಳ್ಳಿ ತಿರುಗಬೇಕು. “ಈ ಬಿಸಿಲಿಗೆ ಐಸ್ ಇಲ್ಲ ಅಂದ್ರೆ ಅದು ಮದ್ದಲ್ಲ ಮಾರಾಯ್ರೇ, ಬರೀ ನೀರು. ಚುಚ್ಚಿದ್ದೂ ದಂಡ,” ಅಂದರು ಗಣಪಯ್ಯ. ಅದಕ್ಕೇನಂತೆ, ಎಷ್ಟು ಗಟ್ಟಿ ಬೇಕು ಹೇಳಿ ಅಂತ ನಾನು ದೊಡ್ಡಸ್ತಿಕೆಯಲ್ಲಿ ಹೇಳಿದೆ. ಹಿಂದಿನ ದಿನದ ಗಟ್ಟಿಗಳೆಲ್ಲ ಆಗಲೇ ಮೀನಿನ ಲಾರಿ ಹತ್ತಿ ಹೋಗಿದ್ದವು. ತೊಟ್ಟಿಯ ಡಬ್ಬಿಗಳಲ್ಲಿ ನೀರು ಅರೆಗಟ್ಟಿಯಾಗಿತ್ತು. ಮೆಷಿನ್ನು ಓಡಿದರೆ ನಾಳೆ ಮಧ್ಯಾಹ್ನಕ್ಕೆ ಸಲೀಸಾಗಿ ಸಿಗುತ್ತಿತ್ತು.

ಮಿಸ್ತ್ರಿ ಆ ದಿನ ಊರಲ್ಲಿರಲಿಲ್ಲ. ಹಿಂದಿನ ಸಂಜೆಯೇ ಸೊರಬದ ಅದೇ ಗಿರಣಿಗೆ ಏನೋ ರಿಪೇರಿಗೆ ಹೋಗಿದ್ದರು. ಪಂಪು ಬೆಳಗಿನ ಜಾವದಿಂದ ಓಡುತ್ತಿತ್ತು. ಎಣ್ಣೆ ಬದಲಿಸಲು ದೊಡ್ಡ ಮೋಟಾರನ್ನು ಮಾತ್ರ ನಿಲ್ಲಿಸಿದ್ದೆ. ಗಣಪಯ್ಯನವರ ಎದುರಿಗೇ ಠೀವಿಯಿಂದ ಹೋಗಿ ಹ್ಯಾಂಡಲ್ ಒತ್ತಿದೆ. ಮೋಟಾರು ಗೂಂ ಅಂತ ಗುರುಗುಟ್ಟಿತು, ತಿರುಗಲಿಲ್ಲ. ಪಟ್ ಅಂತ ಫ್ಯೂಸು ಹೋಯಿತು. ಹೊಸ ಫ್ಯೂಸು ಹಾಕಿದೆ. ಮತ್ತೆ ಗೂಂ, ಮತ್ತೆ ಪಟ್. ಬೋರ್ಡು ನೋಡಿದೆ: ಮೂರು ಬಲ್ಬೂ ಉರಿಯುತ್ತಿದ್ದವು. ಮೂರನೆಯದು ಒಂದು ಚೂರು ಮಂಕು ಅನ್ನಿಸಿತು. ಬಲ್ಬು ಹಳೆಯದು ಅಂದುಕೊಂಡೆ. ಕರೆಂಟು ಸರಿಯಾಗಿದೆ ಅಂದಮೇಲೆ ಮೆಷಿನ್ನೇ ಒಳಗೆ ಬಿಗಿದುಕೊಂಡಿರಬೇಕು. ಬಿಚ್ಚಿ ನೋಡಬೇಕು ಅಂದರೆ ಎರಡು ದಿನ. ಸೊರಬದ ಬಸ್ಸು ಹೊರಡುವುದರಲ್ಲಿತ್ತು. ಓಡಿಹೋಗಿ ಕಂಡಕ್ಟರನ ಕೈಯಲ್ಲಿ, ಬುಡೇನ್ ಸಾಬರು ಎಲ್ಲಿದ್ದರೂ ಮುಂದಿನ ಬಸ್ಸಿಗೆ ಹತ್ತಿಸಿಕೊಂಡು ಬಾ ಅಂತ ಹೇಳಿಕಳಿಸಿದೆ.

ಆಗಲೇ ಮಿಸ್ತ್ರಿಯ ಹೆಂಡತಿ ಖೈರುನ್ಬಿ ಹಿತ್ತಲ ಬಾಗಿಲಿಗೆ ಬಂದರು. ಸೆರಗು ತಲೆಯ ಮೇಲೆ ಎಳೆದುಕೊಂಡು ಹಿಂಜರಿಯುತ್ತ ಹೇಳಿದರು. “ಹಸೀನಾ ಹೇಳಾಕತ್ತಾಳ್ರೀ, ಪಂಪು ಮುಂಜಾನೆಯಿಂದ ಮೂಗಿನಾಗ ಹಾಡ್ತೈತಂತ. ಮೊದಲು ಅದನ್ನ ನಿಲ್ಲಿಸ್ರಿ ಅಂತಾಳ.” ನನಗೆ ಮೊದಲೇ ತಲೆ ಕೆಟ್ಟಿತ್ತು. ಪಂಪು ಓಡುತ್ತಿದೆ, ನೀರು ಬೀಳುತ್ತಿದೆ, ಓಡದಿರುವುದು ಮೋಟಾರು. ಇವರು ಪಂಪಿನ ರಾಗ ತಂದಿದ್ದಾರೆ. ಕಣ್ಣಿದ್ದವರು ನೋಡಿಕೊಳ್ಳುತ್ತಾರೆ ಅಂತ ಹೇಳಿ ಅವಳಿಗೆ, ಅಂದುಬಿಟ್ಟೆ. ಗೋಡೆ ಅಷ್ಟು ದಪ್ಪದ್ದೇನಲ್ಲ. ಆ ಮಾತು ಅವಳಿಗೂ ಕೇಳಿಸಿತು. ಆ ಮಾತಿಗೆ ಇವತ್ತಿಗೂ ನನ್ನ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಅಷ್ಟಕ್ಕೇ ನಿಲ್ಲಿಸಿದೆನೇ? ಇಲ್ಲ. ಫ್ಯೂಸಿಗೆ ಎರಡೆಳೆ ದಪ್ಪ ತಂತಿ ಸುತ್ತಿ ಮತ್ತೊಮ್ಮೆ ಹ್ಯಾಂಡಲ್ ಒತ್ತಿದೆ. ಈ ಸಲ ಫ್ಯೂಸು ಹೋಗಲಿಲ್ಲ. ಮೋಟಾರು ನರಳಿತು, ಸಣ್ಣಗೆ ಸುಟ್ಟ ವಾಸನೆ ಬಂತು. ತಟ್ಟನೆ ಕೈ ಎಳೆದುಕೊಂಡೆ. ಇನ್ನೊಂದು ಕ್ಷಣ ಹಿಡಿದಿದ್ದರೆ ಅದು ಸುಟ್ಟು, ಶಿವಮೊಗ್ಗಕ್ಕೆ ಹೋಗಿ ತಂತಿ ಸುತ್ತಿಸಿಕೊಂಡು ಬರಲು ಎಂಟು ದಿನವಾದರೂ ಬೇಕಿತ್ತು. ಗಣಪಯ್ಯ ತೊಟ್ಟಿಯ ಹತ್ತಿರ ಹೋಗಿ ಡಬ್ಬಿಯೊಳಗಿನ ಅರೆಗಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿ ಬಂದರು. ಬೈದಿದ್ದರೆ ವಾಸಿಯಿತ್ತು.

ಒಂದೂವರೆ ಗಂಟೆಯ ಬಸ್ಸಿಗೆ ಮಿಸ್ತ್ರಿ ಬಂದಿಳಿದರು. ನಾನು ಹಿಂದೆ ಹಿಂದೆ ಓಡುತ್ತ ನಡೆದದ್ದನ್ನೆಲ್ಲ ಒದರಿದೆ. ಅವರು ಬೋರ್ಡಿನ ಕಡೆ ತಿರುಗಿ ಕೂಡ ನೋಡಲಿಲ್ಲ. ನೇರ ಹಿತ್ತಲಿಗೆ ಹೋಗಿ, ಗೋಡೆಗೆ ಕಿವಿಗೊಟ್ಟು ಕೂತ ಮಗಳ ಹತ್ತಿರ ಎರಡು ನಿಮಿಷ ಮಾತಾಡಿದರು. ಬಂದು ಪಂಪಿನ ಮೈಗೆ ಮುಂಗೈ ತಾಗಿಸಿ ಸರಕ್ಕನೆ ತೆಗೆದರು. ರೊಟ್ಟಿ ಹಂಚಿನ ಹಾಗೆ ಕಾದಿತ್ತು ಅದು. ನನ್ನನ್ನು ಬಲ್ಬುಗಳ ಎದುರಿಗೆ ನಿಲ್ಲಿಸಿ, ಕಣ್ಣು ಮಿಟುಕಿಸದೆ ನೋಡ್ರಿ ಅಂದು, ಪಂಪಿನ ಸ್ವಿಚ್ಚು ಇಳಿಸಿದರು.

ಪಂಪು ನಿಧಾನವಾಗುತ್ತ ಬಂತು. ಅದು ಪೂರ್ತಿ ನಿಲ್ಲುವ ಮೊದಲೇ ಮೂರನೆಯ ಬಲ್ಬು ಕೆಂಪಗಾಗಿ ಆರಿಹೋಯಿತು. ಉಳಿದೆರಡು ನಿಗಿನಿಗಿ ಉರಿಯುತ್ತಿದ್ದವು. ಬೆಳಿಗ್ಗೆಯಿಂದ ಮೂರನೆಯ ತಂತಿಯಲ್ಲಿ ಹೊರಗಿನಿಂದ ಕರೆಂಟೇ ಬರುತ್ತಿರಲಿಲ್ಲ! ಓಡುತ್ತಿದ್ದ ಪಂಪಿನ ಮೋಟಾರೇ ಎರಡು ತಂತಿಯಿಂದ ಎಳೆದುಕೊಂಡು, ಮೂರನೆಯದಕ್ಕೆ ತನ್ನೊಳಗಿನಿಂದಲೇ ಕರೆಂಟು ಹುಟ್ಟಿಸಿ ಬಲ್ಬು ಉರಿಸುತ್ತಿತ್ತು. ಇದು ನನ್ನ ಪುಸ್ತಕದಲ್ಲೂ ಇತ್ತು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ.

“ಇಲ್ದಾಕಿನ್ನ ಐದಾಳ ಅಂತ ಅಕ್ಕಂದಿರು ಮುಚ್ಚಿಟ್ಟಿದ್ರು ರಾಯರೇ,” ಅಂದರು ಮಿಸ್ತ್ರಿ. “ಎಲ್ಲಾ ನಿಲ್ಲಿಸಿ ಕೇಳಬೇಕು. ಆವಾಗ ಖರೇ ಹೇಳ್ತಾರ.” ಆಮೇಲೆ ಫ್ಯೂಸಿನ ದಪ್ಪ ತಂತಿ ಅವರ ಕಣ್ಣಿಗೆ ಬಿತ್ತು. ಅದನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಬೈಯಲಿಲ್ಲ. ಬೈಯಲು ಅವರಿಗೆ ಹೊತ್ತಿರಲಿಲ್ಲ.

ಇನ್ನು ಓಡಾಟವೋ ಓಡಾಟ. ಟ್ರಾನ್ಸ್‌ಫಾರ್ಮರಿನಿಂದ ನಮ್ಮ ಫ್ಯಾಕ್ಟರಿಗೇ ಅಂತ ಬೇರೆ ಮೂರು ತಂತಿ ಎಳೆದಿದ್ದರು. ನಡುವೆ ಎಲ್ಲೋ ಒಂದು ಬಿಟ್ಟಿದೆ. ಲೈನ್‌ಮನ್ನನ್ನು ಸೈಕಲ್ಲಿನ ಮೇಲೆ ಕರೆತಂದು ಲೈನು ಆಫ್ ಮಾಡಿಸಿದೆವು. ಎಲ್ಲರೂ ಕೆಳಗಿನಿಂದ ಕತ್ತೆತ್ತಿ ನೋಡಿದರೆ ಮೂರು ತಂತಿಯೂ ನೆಟ್ಟಗಿದ್ದವು. ಮಿಸ್ತ್ರಿ ಏಣಿ ಹಾಕಿಸಿ ತಾವೇ ಹತ್ತಿದರು. ಕೊನೆಯ ಕಂಬದಲ್ಲಿ ಮೂರನೆಯ ತಂತಿಯ ಗಂಟನ್ನು ಚಾಕುವಿನಿಂದ ಕೆರೆದರು. ಪುಡಿ ಪುಡಿ ಬೂದಿ ಉದುರಿತು. ನಮ್ಮ ತಂತಿ ತಾಮ್ರದ್ದು, ಲೈನಿನದು ಅಲ್ಯುಮಿನಿಯಂ. ಎರಡು ಮಳೆಗಾಲದಲ್ಲಿ ಒಂದನ್ನೊಂದು ತಿಂದುಹಾಕಿದ್ದವು. ಹೊರಗಿನಿಂದ ಕೂಡಿಕೊಂಡಿದ್ದ ಹಾಗೆಯೇ ಕಾಣುತ್ತಿತ್ತು. ಯಾರು ಹಾಕಿದ ಗಂಟಪ್ಪಾ ಇದು ಅಂತ ನಾನು ಕೆಳಗಿನಿಂದ ಕೂಗಿದೆ. “ನಂದ ರೀ,” ಅಂದರು ಅವರು ಮೇಲಿನಿಂದ. “ಈ ಎರಡಕ್ಕೂ ಕೂಡಿ ಬರಂಗಿಲ್ಲ ಅಂತ ಆವಾಗ ನನಗ ಗೊತ್ತಿದ್ದಿಲ್ಲ.” ಊರಿನವರೆಲ್ಲ ಸುತ್ತ ನಿಂತಿದ್ದರು. ಅಷ್ಟು ಜನರೆದುರಿಗೆ ಅಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡವರನ್ನು ನಾನು ಆಮೇಲೂ ನೋಡಿಲ್ಲ.

ಆಮೇಲೆ ಅವರು ಮಾಡಿದ ಉಪಾಯ ಯಾವ ಡಿಪ್ಲೊಮಾದಲ್ಲೂ ಇಲ್ಲ. ಪೇಟೆಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಸಾಬರೊಬ್ಬರಿದ್ದರು. ಅವರನ್ನು ತಿದಿಯ ಸಮೇತ ಕಂಬದ ಬುಡಕ್ಕೆ ಕರೆಸಿ, ತಾಮ್ರದ ತುದಿಗೆ ಹಿತ್ತಾಳೆ ಪಾತ್ರೆಗೆ ಹಾಕುವ ಹಾಗೆಯೇ ಬೆಳ್ಳಗೆ ಕಲಾಯಿ ಹಾಕಿಸಿದರು. ನಡುವೆ ತವರ ಬಂದಮೇಲೆ ಇನ್ನು ತಾಮ್ರಕ್ಕೂ ಅಲ್ಯುಮಿನಿಯಂಗೂ ನೇರ ಮುಖ ನೋಡುವ ಕೆಲಸವಿಲ್ಲ. ಲೈನ್‌ಮನ್ನಿನ ಚೀಲದಲ್ಲಿದ್ದ ಬೋಲ್ಟಿನ ಕ್ಲಾಂಪು ಹಾಕಿ ಬಿಗಿದು, ಮೇಲೆ ಗ್ರೀಸು ಬಳಿದು ಇಳಿದರು. ಇಳಿಯುವಾಗ ಏಣಿಯ ನಡುವೆ ಒಂದು ಸಲ ನಿಂತು ಎದೆ ನೀವಿಕೊಂಡದ್ದನ್ನು ನಾನು ನೋಡಿದೆ. ಆ ಗಡಿಬಿಡಿಯಲ್ಲಿ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ.

ಲೈನು ಆನ್ ಆಯಿತು. ಪಂಪು ನಿಂತೇ ಇತ್ತು. ಮಿಸ್ತ್ರಿ ಎಡಗೈ ಹಿಂದಿಟ್ಟು ಮೇನ್ ಎತ್ತಿದರು. “ಜೈನಾಬಿ ಬಂದ್ಲು. ಫಾತಿಮಾ ಬಂದ್ಲು.” ಅಲ್ಲಿದ್ದವರೆಲ್ಲ ಮೂರನೆಯ ಬಲ್ಬಿನ ಕಡೆಗೆ ಕತ್ತು ಚಾಚಿದರು. “ಹಸೀನಾ ಬಂದ್ಲು!” ಗೋಡೆಯಾಚೆಯಿಂದ ಹೂಂ ಬಂತು. ಮೊದಲು ಪಂಪು, ಅದು ಓಡಿದ್ದನ್ನು ಕೇಳಿಸಿಕೊಂಡು ಅವಳು ಇನ್ನೊಂದು ಹೂಂ ಅಂದಳು. ಆಮೇಲೆ ದೊಡ್ಡ ಮೋಟಾರು. ಅದು ಗಕ್ಕ ಅನ್ನದೆ ಎದ್ದು ಓಡಿತು ನೋಡಿ, ಗಣಪಯ್ಯ ನನ್ನನ್ನು ತಬ್ಬಿಕೊಂಡು ಕುಣಿದುಬಿಟ್ಟರು. ಗಂಟೆ ಇನ್ನೂ ನಾಲ್ಕಾಗಿರಲಿಲ್ಲ.

ಗಲಾಟೆ ಇಳಿದ ಮೇಲೆ ಹಿತ್ತಲಿಗೆ ಹೋದೆ. ಬಾಗಿಲಿನ ಪರದೆಯ ಈಚೆ ನಿಂತು, ಬೆಳಿಗ್ಗೆ ಆಡಬಾರದ ಮಾತಾಡಿದೆ, ತಪ್ಪಾಯಿತು ಅಂದೆ. “ನಿಮಗ ಬಲ್ಬು ಐತಲ್ರೀ, ಅದನ್ನ ನಂಬಿದ್ರಿ,” ಅಂದಳು ಹಸೀನಾ. “ನನಗ ಸದ್ದು ಒಂದ ಇರೋದು.”

ಮಾರನೆಯ ದಿನ ಮಧ್ಯಾಹ್ನ ಕನ್ನಡಿಯ ಹಾಗೆ ಹೊಳೆಯುವ ಗಟ್ಟಿಗಳು ಬಂದವು. ಶಿವಮೊಗ್ಗದ ಬಸ್ಸಿಗೆ ಬಂದ ಮದ್ದನ್ನು ಹೊಸ ಐಸಿನಲ್ಲಿಟ್ಟು, ಗಟ್ಟಿಗಳನ್ನು ಹೊಟ್ಟಿನಲ್ಲಿ ಹೂತು ಗೋಣಿ ಸುತ್ತಿ ಬಸ್ಸಿನೊಳಗೇ ಇಟ್ಟೆವು. ಗಣಪಯ್ಯನವರ ಜೊತೆ ಮಿಸ್ತ್ರಿಯೂ ಹೊರಟರು. ಹೊರಟವರು ಹಸೀನಾಳ ಕೈಹಿಡಿದು ಕರೆದುಕೊಂಡೇ ಬಂದರು. ಅವರ ಹಿಂದೆ ನಾನೂ ಬಸ್ಸು ಹತ್ತಿದೆ. ಅವಳು ಕುಪ್ಪಗಡ್ಡೆಯ ತನಕವೂ ಐಸಿನ ಗೋಣಿಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು.

ಕೇರಿಯಲ್ಲಿ ದಾಕು ಅಂದ ಕೂಡಲೇ ಬಾಗಿಲುಗಳು ಮುಚ್ಚಿಕೊಂಡವು. ಅಮ್ಮ ಬಂದಿರುವಾಗ ಸೂಜಿ ಚುಚ್ಚಿದರೆ ಮುನಿಯುತ್ತಾಳೆ ಅಂತ ಹೆಂಗಸರು ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಗಣಪಯ್ಯ ಗಂಟಲು ಹರಿಯುವ ತನಕ ಹೇಳಿದರು. ಮಿಸ್ತ್ರಿ ಒಂದು ಮನೆಯ ಜಗಲಿಯ ಮೇಲೆ ಮಗಳನ್ನು ಕೂರಿಸಿ ತಾವು ಪಕ್ಕದಲ್ಲಿ ನಿಂತರು, ಅಷ್ಟೇ. ಅಜ್ಜಿಯೊಬ್ಬಳು ಹತ್ತಿರ ಬಂದು, ಕಲೆ ಬಿದ್ದ ಆ ಮುಖವನ್ನು ಕೈಯಿಂದ ಸವರಿ, ನಿಂಗೆ ಆಗ ಚುಚ್ಚಿಸಿರ್ಲಿಲ್ಲನ ಮಗಾ ಅಂತ ಕೇಳಿದಳು.

“ಚುಚ್ಚಿಸಿದ್ರಜ್ಜಿ,” ಅಂದಳು ಹಸೀನಾ. “ಮದ್ದು ಬರೋ ದಾರ್ಯಾಗ ಬಿಸಿಲಿಗೆ ಕೆಟ್ಟಿತ್ತಂತ. ಇವತ್ತಿಂದು ಕೆಟ್ಟಿಲ್ಲ. ನಮ್ಮ ಅಬ್ಬಾ ತಣ್ಣಗಿಟ್ಟು ತಂದಾನ.”

ನಾನು ಮಿಸ್ತ್ರಿಯ ಮುಖ ನೋಡಿದೆ. ಅವರು ಕೆರೆಯ ಕಡೆ ತಿರುಗಿ ಬೀಡಿ ಹಚ್ಚುತ್ತಿದ್ದರು, ಕಡ್ಡಿ ಹತ್ತಲೇ ಇಲ್ಲ. ಬೊಂಬಾಯಿಯ ಕೆಲಸ ಬಿಟ್ಟು ಈ ಹಳೇ ಮೆಷಿನ್ನಿನ ಬೆನ್ನಿಗೆ ಏಕೆ ಬಿದ್ದಿದ್ದರು ಅಂತ ಆಗ ನನಗೆ ಗೊತ್ತಾಯಿತು. ಅಜ್ಜಿ ಒಳಗೆ ಹೋಗಿ ಮೊಮ್ಮಗನ ರೆಟ್ಟೆ ಹಿಡಿದು ಎಳೆದುಕೊಂಡು ಬಂದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಸಂಜೆಯೊಳಗೆ ಗಣಪಯ್ಯನವರ ಕೈ ಬಿದ್ದುಹೋಗಿತ್ತು.

ಆ ಮಳೆಗಾಲ ಕಳೆದು ಚಳಿ ಶುರುವಾಗುವ ಹೊತ್ತಿಗೆ ಬುಡೇನ್ ಮಿಸ್ತ್ರಿ ತೀರಿಕೊಂಡರು. ಸೊರಬದ ಗಿರಣಿಯ ಕೆಲಸ ಮುಗಿಸಿ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತವರು ಹಾಗೇ ಒರಗಿಬಿಟ್ಟರಂತೆ. ಯಾವಾಗಲೂ ಒಯ್ಯುತ್ತಿದ್ದ ಮೂರು ಬಲ್ಬಿನ ಇನ್ನೊಂದು ಸಣ್ಣ ಹಲಗೆ ಮಡಿಲಲ್ಲೇ ಇತ್ತಂತೆ. ಹಿಂದಿನ ದಿನ ಸಂಜೆಯಷ್ಟೇ, ಡಿಪ್ಲೊಮಾ ರಾಯರು ಇನ್ನೊಂದು ವರ್ಷಕ್ಕೆ ಮಿಸ್ತ್ರಿ ಆಗ್ತಾರ ಅಂತ ಸಾವ್ಕಾರರ ಎದುರಿಗೆ ನನ್ನನ್ನು ಕಿಚಾಯಿಸಿ ಬಸ್ಸು ಹತ್ತಿದ್ದರು. ನನಗೆ ಸಿಕ್ಕ ದೊಡ್ಡ ಬಿರುದು ಅದು.

ಮೂರು ದಿನ ಫ್ಯಾಕ್ಟರಿ ಮುಚ್ಚಿತ್ತು. ನಾಲ್ಕನೆಯ ಬೆಳಿಗ್ಗೆ ಬಾಗಿಲು ತೆಗೆದೆ. ಕೈ ತಾನಾಗಿ ಕೆಲಸ ಮಾಡುತ್ತಿತ್ತು. ಮೇನ್ ಎತ್ತಿದೆ, ಪಂಪು ಹಾಕಿದೆ, ಬೋರ್ಡಿನ ಮುಂದೆ ಬಂದು ನಿಂತೆ. ಎಡಗೈ ಬೆನ್ನ ಹಿಂದೆ ಹೋಗಿದ್ದು ನನಗೇ ತಿಳಿಯಲಿಲ್ಲ. ಕೂಗಬೇಕೋ ಬೇಡವೋ ಅಂತ ಬಹಳ ಹೊತ್ತು ಒದ್ದಾಡಿದೆ. ಆಮೇಲೆ ಕೂಗಿದೆ: ಜೈನಾಬಿ ಬಂದ್ಲು. ಫಾತಿಮಾ ಬಂದ್ಲು. ಹಸೀನಾ ಬಂದ್ಲು.

ಗೋಡೆಯಾಚೆ ಸದ್ದಿಲ್ಲ. ನಾನು ಹ್ಯಾಂಡಲಿನ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದೆ.

“ಪಂಪು ನಿಲ್ಲಿಸಿ ನೋಡಿದ್ರೇನ್ರೀ?”

ಪಂಪು ನಿಲ್ಲಿಸಿದೆ. ಅದು ಪೂರ್ತಿ ನಿಲ್ಲುವ ತನಕ ಕಾದೆ. ಮೂರು ಬಲ್ಬೂ ಉರಿಯುತ್ತಿದ್ದವು. ಮತ್ತೊಮ್ಮೆ ಮೂರು ಹೆಸರನ್ನೂ ಕೂಗಿದೆ.

“ಹೂಂ,” ಅಂದಳು.